ಒಟ್ಟೈಕ್, ಒಟ್ಟಿಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯಿಂದ ಒಬ್ಬ ಓದುಗಿ ಪತ್ರ ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ. ಪತ್ರ ಉದ್ದ ಇದೆ, ತಿರುಳು ಇಷ್ಟು:

"ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಪ್ಲಸ್ ಟು ಪಾಸಾಗಿದ್ದೇನೆ. ಬಿಎ ಇಂಗ್ಲಿಷ್ ಓದಬೇಕು, ಬರಹಗಾರ್ತಿ ಆಗಬೇಕು ಅಂತ ಆಸೆ. ಅಪ್ಪ ಬಿಕಾಂ ಸೇರು ಅನ್ನುತ್ತಾರೆ. ‘ನೀನೂ ಆ ಕಡೆ ಹೊರಟೆಯಾ’ ಅಂತ ಕನ್ನಡ ಟೀಚರಿಗೆ ಬೇಸರ. ಇಂಗ್ಲಿಷ್ ಮೀಡಿಯಂನವರ ಎದುರು ನನಗೆ ಬಾಯಿಯೇ ಬರುವುದಿಲ್ಲ. ಸೇರಬಹುದಾ? ಸೇರಿದರೆ ಬರೆಯಲು ಕಲಿಸುತ್ತಾರಾ?"

ತಂಗೀ, ಪ್ರಾಯದಲ್ಲಿ ನೀನು ನನ್ನ ಮಗಳಿಗಿಂತಲೂ ಚಿಕ್ಕವಳು. ‘ನೀವು’ ಅಂತ ಬರೆಯಲು ಕೈ ಓಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡ.

ಉತ್ತರ ಚಿಕ್ಕದು. ಸೇರಬಹುದು. ಬರೆಯಲು ಮಾತ್ರ ಅಲ್ಲಿ ಯಾರೂ ಕಲಿಸುವುದಿಲ್ಲ. ಇನ್ನು ಮುಂದಿನದೆಲ್ಲ ನನ್ನ ಬಾಯಿಚಪಲ.

ನಾನೂ ಇದೇ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಓದಿದವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮಲಯಾಳ ಬರುತ್ತಿದ್ದದ್ದು ಬಸ್ಸಿನ ಬೋರ್ಡು ಓದುವಷ್ಟು, ಅದೂ ತಡವರಿಸಿಕೊಂಡು. ನಮ್ಮ ಸರ್ ಇಂಗ್ಲಿಷ್ ಪದ್ಯ ಓದಿ ಅರ್ಥ ಹೇಳುತ್ತಿದ್ದದ್ದು ಮಲಯಾಳದಲ್ಲಿ. ನಾನು ಕಿವಿಗೆ ಬಿದ್ದದ್ದನ್ನು ಹಾಗೇ ಕನ್ನಡ ಅಕ್ಷರದಲ್ಲಿ, ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಒಂದು ದಿನ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಹೂವಿನ ಪದ್ಯ ಬಂತು. ಮೊದಲ ಸಾಲಿನಲ್ಲೇ ‘ಲೋನ್ಲಿ’. ಸರ್ ‘ಒಟ್ಟೈಕ್’ ಅಂದರು. ಗೀಚಿಕೊಂಡೆ. ಮನೆಗೆ ಬಂದು ನೋಡಿದರೆ ಅದು ನನಗೆ ನಮ್ಮ ‘ಒಟ್ಟಿಗೆ’ಯ ಹಾಗೆಯೇ ಕಂಡಿತು. ಪರೀಕ್ಷೆಯಲ್ಲಿ, ಕವಿ ಯಾರದೋ ಜೊತೆ ಸುತ್ತಾಡಲು ಹೋಗಿದ್ದ ಅಂತ ಅರ್ಧ ಪುಟ ಬರೆದೆ. ಮಲಯಾಳದಲ್ಲಿ ಒಟ್ಟೈಕ್ ಎಂದರೆ ಒಬ್ಬಂಟಿಯಾಗಿ! ಆ ಕೆಂಪು ಸೊನ್ನೆ ಇನ್ನೂ ನನ್ನ ಕಣ್ಣಿನಿಂದ ಹೋಗಿಲ್ಲ.

ತಮಾಷೆ ಇರುವುದು ಮುಂದೆ. ಎಷ್ಟೋ ವರ್ಷದ ಮೇಲೆ ಆ ಕವಿಯ ತಂಗಿ ಡೊರೋಥಿಯ ಡೈರಿ ಓದಲು ಸಿಕ್ಕಿತು. 1802ರ ಏಪ್ರಿಲ್ 15. ಅಣ್ಣ ತಂಗಿ ಸರೋವರದ ದಡದಲ್ಲಿ ನಡೆಯುತ್ತಿದ್ದಾರೆ. ಗಾಳಿಯೋ ಗಾಳಿ. ದಡದುದ್ದಕ್ಕೂ ಹೂ. ಕೆಲವು ಸುಸ್ತಾಗಿ ದಿಂಬಿಗೆ ತಲೆಯಿಟ್ಟ ಹಾಗೆ ಕಲ್ಲಿನ ಮೇಲೆ ತಲೆಯಿಟ್ಟಿವೆ, ಉಳಿದವು ಕುಣಿಯುತ್ತಿವೆ ಅಂತ ಅವಳು ಬರೆದುಕೊಂಡಿದ್ದಾಳೆ. ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ. ಅದರಲ್ಲಿ ಗಾಳಿ ಇದೆ, ಕುಣಿತ ಇದೆ, ತಂಗಿ ಇಲ್ಲ. ಒಬ್ಬನೇ ಇದ್ದನಂತೆ! ಹಾಗಾದರೆ ನನ್ನ ‘ಒಟ್ಟಿಗೆ’ಯೇ ಸರಿ ಇತ್ತು, ಅಲ್ವಾ? ಆ ಮಾರ್ಕು ಮಾತ್ರ ವಾಪಸ್ ಬರಲಿಲ್ಲ.

ಬಿಎ ಇಂಗ್ಲಿಷ್‌ನಲ್ಲಿ ಮಾಡುವ ಕೆಲಸ ಇದೇ. ಇವನು ಒಬ್ಬನೇ ಅಂತ ಯಾಕೆ ಹೇಳಿದ, ತಂಗಿಯನ್ನು ಯಾಕೆ ಬಿಟ್ಟ, ಬಿಟ್ಟದ್ದರಿಂದ ಪದ್ಯಕ್ಕೆ ಲಾಭವೋ ನಷ್ಟವೋ ಅಂತ ಒಂದು ಸಾಲನ್ನು ಹಿಡಿದುಕೊಂಡು ಕೂರುವುದು. ಸ್ಪೋಕನ್ ಇಂಗ್ಲಿಷ್ ಕ್ಲಾಸು ಅಂದುಕೊಂಡು ಸೇರಿದವರು ಮೊದಲ ಸೆಮಿಸ್ಟರಿನಲ್ಲೇ ಸಪ್ಪೆ ಮುಖ ಮಾಡುತ್ತಾರೆ. ಬಾಯಿ ಬರುವುದಿಲ್ಲ ಅಂತ ಹೆದರಬೇಡ, ಅದು ಮೆಲ್ಲಮೆಲ್ಲ ಬರುತ್ತದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಹತ್ತು ಪುಟ ಓದುವ ತಾಳ್ಮೆ ಇದೆಯಾ ನೋಡಿಕೋ. ಇಲ್ಲದಿದ್ದರೆ ಅಪ್ಪ ಹೇಳಿದ ಬಿಕಾಮೇ ಒಳ್ಳೆಯದು. ಸುಮ್ನೆ ಹೇಳುತ್ತಿಲ್ಲ. ಸೃಜನಶೀಲ ಬರವಣಿಗೆ ಅಂತ ಒಂದೆರಡು ಪೇಪರ್ ಸಿಗಬಹುದು. ಸಿಕ್ಕಿದರೆ ತೆಗೆದುಕೋ, ಆದರೆ ಕತೆ ಬರೆಯುವ ಕಷ್ಟ ಐದು ಮಾರ್ಕಿನ ಪ್ರಶ್ನೆಯೊಳಗೆ ಹಿಡಿಸುವುದಿಲ್ಲ.

ಈಗ ಮೇಜರ್, ಮೈನರ್ ವಿಚಾರ, ಅಂದರೆ ಮುಖ್ಯ ವಿಷಯ ಮತ್ತು ಜೊತೆಯ ವಿಷಯ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. 133 ಕ್ರೆಡಿಟ್ ಮುಗಿಸಿ ಮೂರು ವರ್ಷಕ್ಕೆ ಡಿಗ್ರಿ ಹಿಡಿದು ಹೊರಬರಬಹುದು. ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್ ಮಾಡಿದರೆ ಆನರ್ಸ್. ನನ್ನನ್ನು ಕೇಳಿದರೆ ಇಂಗ್ಲಿಷ್ ಮೇಜರ್, ಜೊತೆಗೆ ಕನ್ನಡ ಮೈನರ್. ಇನ್ನೊಂದು ಮೈನರ್ ಇತಿಹಾಸವಾದರೆ ಸಂತೋಷ. ಎಲ್ಲ ಕಾಲೇಜಿನಲ್ಲೂ ಎಲ್ಲ ಜೋಡಿ ಸಿಗುವುದಿಲ್ಲ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಇದೆ. ಅರ್ಜಿಯಲ್ಲಿ ಕಾಲೇಜು, ವಿಷಯದ ಆಪ್ಷನ್ ಕೊಡುವ ಮೊದಲು ಒಂದು ದಿನ ಬಸ್ಸು ಹತ್ತಿ ಹೋಗಿ, ಇಂಗ್ಲಿಷಿನ ಜೊತೆ ಕನ್ನಡ ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ ಬಾ. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕೂತು ಪರದೆ ನೋಡಿ ತೀರ್ಮಾನ ಮಾಡಬೇಡ.

ಕನ್ನಡ ಯಾಕೆ ಅಂತೀಯಾ? ನಾನು ಹೇಳಿದ ಆ ಅಂಚಿನ ಗೀಚು ನೆನಪಿಟ್ಟುಕೋ. ಇಂಗ್ಲಿಷ್ ಪದ, ಮಲಯಾಳದ ಅರ್ಥ, ಕನ್ನಡದ ಅಕ್ಷರ, ಓದುವವನು ತುಳುವ. ನಮ್ಮ ಕಡೆಯ ಮಕ್ಕಳಿಗೆ ಇದು ದಿನನಿತ್ಯದ ಗೋಳು. ಅನುವಾದದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ನನಗಂತೂ ಗೊತ್ತಿಲ್ಲ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ಬಾನು ಮುಷ್ತಾಕ್ ಅವರ ಕನ್ನಡ ಕತೆಗಳಿಗೆ, ಅವನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರ ಜೊತೆಗೆ. 50,000 ಪೌಂಡ್ ಬಹುಮಾನದಲ್ಲಿ ಇಬ್ಬರಿಗೂ ಸಮಪಾಲು. ಅಪ್ಪನಿಗೆ ಈ ಲೆಕ್ಕ ಹೇಳು. ಇದನ್ನೇ ನಂಬಿ ಮನೆಗೆ ಪಾಯ ತೆಗೆಸಬೇಡಿ ಅಂತಲೂ ಹೇಳು.

ಅಪ್ಪನಿಗೆ ಬೇಕಾದ ಉತ್ತರ ಬೇರೆ, ನನಗೆ ಗೊತ್ತು. ಬಿಎ ಇಂಗ್ಲಿಷ್ ಮೇಲೆ ಬಿ.ಎಡ್., ಕೆ-ಟೆಟ್ ಎಂಬ ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಆದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಲು ದಾರಿ ಇದೆ. ಎಂಎ, ಬಿ.ಎಡ್., ಸೆಟ್ ಪರೀಕ್ಷೆ ಆದರೆ ಹೈಯರ್ ಸೆಕೆಂಡರಿ. ಕಾಲೇಜಿಗಾದರೆ ನೆಟ್ ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ಮಲಯಾಳ, ಕನ್ನಡ ಎರಡೂ ಬಲ್ಲವರಿಗೆ ಅಂತಲೇ ಪಿಎಸ್‌ಸಿ ಕ್ಲರ್ಕ್ ಹುದ್ದೆ ಕರೆಯುತ್ತದೆ. ಯಾವುದೂ ಬೇಗ ಆಗುವಂಥದ್ದಲ್ಲ. ಬಿಕಾಂ ಮಾಡಿದವರೂ ಕಾಯುತ್ತಿದ್ದಾರೆ.

ಟೀಚರಿಗೆ ಕೆ.ವಿ. ತಿರುಮಲೇಶರ ಹೆಸರು ನೆನಪಿಸು. 1940ರಲ್ಲಿ ಇದೇ ಕಾರಡ್ಕದಲ್ಲಿ ಹುಟ್ಟಿದವರು. ಹೈದರಾಬಾದಿನಲ್ಲಿ ಇಂಗ್ಲಿಷ್, ಭಾಷಾವಿಜ್ಞಾನ ಕಲಿಸಿದರು, ಮನೆಗೆ ಬಂದು ಕನ್ನಡದಲ್ಲಿ ಪದ್ಯ ಬರೆದರು. 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಕನ್ನಡಕ್ಕೇ. ‘ಆ ಕಡೆ’ ಹೋದವರು ಈ ಕಡೆಯನ್ನು ಬಿಡಲೇಬೇಕು ಅಂತ ಇಲ್ಲ.

ಇನ್ನು ನಿನ್ನ ಪತ್ರದ ಎರಡನೇ ಪುಟ. ಮಧ್ಯದಲ್ಲಿ ಹೀಗೆ ಬರೆದಿದ್ದೀ: "ಮಳೆ ಹಿಡಿದರೆ ನಮ್ಮಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ಬಸ್ಸು, ಅಡಿಕೆಗೆ ಕೊಳೆರೋಗ ಬಂದರೆ ಅಪ್ಪನ ಮಾತು." ಇದನ್ನು ಓದಿ ನಾನು ಚಾ ಕೆಳಗಿಟ್ಟೆ. ಅಪ್ಪನ ಸಿಟ್ಟು ಅಂತ ಬರೆದಿದ್ದರೆ ಸಾಲು ಅಲ್ಲೇ ಸತ್ತುಹೋಗುತ್ತಿತ್ತು. ಮಾತು ಹೋಯಿತು ಅಂದೆ ನೋಡು, ಜಗಲಿಯಲ್ಲಿ ಸುಮ್ಮನೆ ತೋಟ ನೋಡುತ್ತಾ ಕೂತ ಮನುಷ್ಯ ಕಂಡ. ಮುಂದಿನ ಸಾಲಿನಲ್ಲಿ ‘ಪ್ರಕೃತಿಯ ಮುನಿಸಿನ ಮುಂದೆ ಮಾನವ ಕುಬ್ಜ’ ಅಂತ ಸೇರಿಸಿದ್ದೀ. ಅದನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದೇನೆ.

ಸೀಟಿನ ಅಲಾಟ್‌ಮೆಂಟ್ ಬರಲು ಇನ್ನೂ ದಿನ ಇದೆ. ಅಷ್ಟರಲ್ಲಿ ಆ ಮಳೆಯ ಬಗ್ಗೆ ನಾಲ್ಕು ಪುಟ ಬರೆದು ಕಳಿಸು. ಕನ್ನಡದಲ್ಲಿ. ಜಗಲಿಯಲ್ಲಿ ಅಪ್ಪನ ಪಕ್ಕ ಯಾರು ಕೂತಿದ್ದರು ಅನ್ನುವುದನ್ನು ಮಾತ್ರ ಬಿಡಬೇಡ.