ಗ್ರಾಫಿಕ್ಸ್ ಮೋಡ್ ಬದಲಿಸಿದರೆ ಗೇಮಿಂಗ್ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ. ಬೋರ್ಡ್ ಹೋಗಿರಬಹುದಾ?

ಮದರ್‌ಬೋರ್ಡ್ ಬದಲಿಸಲು ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಹಾಗಾದರೆ ಸ್ವಲ್ಪ ತಡೆಯಿರಿ. ನೀವು ಬರೆದದ್ದರಲ್ಲೇ ಒಂದು ಸುಳಿವು ಉಂಟು. ಹೈಬ್ರಿಡ್ ಮೋಡ್‌ನಿಂದ ಎಕೋ ಮೋಡ್‌ಗೆ ಹಾಕಿದ ಕೂಡಲೇ ಸ್ಕ್ರೀನ್ ಹಾಗೇ ನಿಲ್ಲುತ್ತದೆ, ಪವರ್ ಬಟನ್ ಒತ್ತಿ ಹಿಡಿಯದೆ ಗತಿ ಇಲ್ಲ ಎಂದಿದ್ದೀರಿ. ಫಾರ್ಮ್ಯಾಟ್ ಮಾಡಿದ ಮೇಲೆ ಎರಡು ದಿನ ಸರಿ ಇತ್ತು ಅಂತಲೂ ಬರೆದಿದ್ದೀರಿ. ಬೋರ್ಡೇ ಹಾಳಾಗಿದ್ದರೆ ಎರಡು ದಿನ ರಜೆ ಹಾಕಿ ಮತ್ತೆ ಬರುತ್ತಿತ್ತಾ ಮಾರಾಯ್ರೇ? ಆ ಎರಡು ದಿನದಲ್ಲಿ ನೀವು ಏನೇನು ಇನ್‌ಸ್ಟಾಲ್ ಮಾಡಿದಿರಿ, ವಿಂಡೋಸ್ ತಾನಾಗಿ ಏನು ಹಾಕಿಕೊಂಡಿತು, ಮೊದಲು ನೋಡಬೇಕಾದ್ದು ಅದನ್ನು.

ನನ್ನ ಕಥೆ ಕೇಳಿ. ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಬಯಲಾಟದ ವಿಡಿಯೋ ಎಡಿಟ್ ಮಾಡಲಿಕ್ಕೆ ಅಂತ ಮನೆಯಲ್ಲಿ ಹೇಳಿ ಒಂದು ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೆ. ಮೊದಲ ಮಳೆಗಾಲದಲ್ಲೇ ತೊಂದರೆ ಶುರು. ಇಲ್ಲಿಯ ಮಳೆಗಾಲ ಗೊತ್ತುಂಟಲ್ಲ. ಗಾಳಿ ಬಂದರೆ ಎಲ್ಲೋ ಒಂದು ತೆಂಗಿನ ಮಡಲು ತಂತಿಯ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಹ್ಯಾಂಗ್. ಅಪ್ಪ ವೋಲ್ಟೇಜಿನದ್ದೇ ಸಮಸ್ಯೆ ಎಂದರು. ಸ್ಟೆಬಿಲೈಸರ್ ತಂದೆವು. ಏನೂ ಪ್ರಯೋಜನ ಆಗಲಿಲ್ಲ. ಒಂದು ಅಂಗಡಿಯವರು ನೋಡಿ "ಬೋರ್ಡ್ ಪೋಯಿ" (ಬೋರ್ಡ್ ಹೋಯಿತು) ಎಂದುಬಿಟ್ಟರು. ಸಮಾಧಾನ ಆಗದೆ ರೈಲು ಹತ್ತಿ ಮಂಗಳೂರಿಗೆ ಒಯ್ದೆ. ಅಲ್ಲಿ ಸಂಜೆವರೆಗೆ ಒಮ್ಮೆಯೂ ಹ್ಯಾಂಗ್ ಆಗಲಿಲ್ಲ!

ವಾಪಸ್ ಬರುವಾಗ ಕುಂಬಳೆ ದಾಟುವ ಹೊತ್ತಿಗೆ ತಲೆಗೆ ಹೊಳೆಯಿತು. ಬ್ಯಾಟರಿ ಇರುವ ಲ್ಯಾಪ್‌ಟಾಪಿಗೆ ಕರೆಂಟ್ ಹೋದರೆಷ್ಟು, ಬಿಟ್ಟರೆಷ್ಟು? ಮನೆಗೆ ಬಂದು ಕರೆಂಟ್ ಇರುವಾಗಲೇ ಸುಮ್ನೆ ಚಾರ್ಜರ್ ಎಳೆದು ನೋಡಿದೆ. ಹ್ಯಾಂಗ್. ಕಂಪನಿಯ ಸಾಫ್ಟ್‌ವೇರಿನಲ್ಲಿ ಗ್ರಾಫಿಕ್ಸ್ ಮೋಡ್ "ಆಟೋ" ಅಂತ ಇತ್ತು. ಚಾರ್ಜರ್ ತೆಗೆದ ಕೂಡಲೇ ಅದು ಬ್ಯಾಟರಿ ಉಳಿಸಲು ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಆಫ್ ಮಾಡುತ್ತಿತ್ತು. ಅಂದರೆ ನಿಮ್ಮ ಕೈಯಿಂದ ಆಗುತ್ತಿರುವ ಕೆಲಸವನ್ನೇ ನನ್ನಲ್ಲಿ ಕರೆಂಟ್ ಮಾಡುತ್ತಿತ್ತು.

ಒಳಗೆ ಆಗುವುದು ಇಷ್ಟು. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿನ ಒಳಗೆ ಒಂದು ಸಣ್ಣ ಗ್ರಾಫಿಕ್ಸ್, ಹೊರಗೆ ಒಂದು ದೊಡ್ಡ ಕಾರ್ಡ್. ಹೈಬ್ರಿಡ್‌ನಲ್ಲಿ ಸ್ಕ್ರೀನ್ ನಡೆಸುವುದು ಸಣ್ಣದು. ಗೇಮ್ ತೆರೆದಾಗ ದೊಡ್ಡದು ಚಿತ್ರ ತಯಾರಿಸಿ ಸಣ್ಣದರ ಕೈಗೆ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್ವಿಡಿಯಾದ ಆಪ್ಟಿಮಸ್ ಎಂಬ ತಂತ್ರಜ್ಞಾನ 2010ರಿಂದ ಮಾಡುತ್ತಿರುವುದು ಇದನ್ನೇ. ಎಕೋ ಮೋಡ್‌ನಲ್ಲಿ ದೊಡ್ಡ ಕಾರ್ಡನ್ನು ಪೂರ್ತಿ ಆಫ್ ಮಾಡಬೇಕು. ಅದೇ ಹೊತ್ತಿಗೆ ಯಾವುದಾದರೂ ಪ್ರೋಗ್ರಾಂ ಆ ಕಾರ್ಡನ್ನು ಹಿಡಿದುಕೊಂಡಿದ್ದರೆ? ನಡೆಯುತ್ತಿರುವ ಮಿಕ್ಸಿಯ ಜಾರನ್ನು ಎಳೆದ ಹಾಗೆ.

ಹಿಡಿದುಕೊಂಡವರು ಯಾರು ಅಂತ ಕಂಡುಹಿಡಿಯುವುದು ಸುಲಭ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಮೇಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು (ಅಂದರೆ ಗ್ರಾಫಿಕ್ಸ್ ಕಾರ್ಡ್) ಆ್ಯಕ್ಟಿವಿಟಿ ಐಕಾನ್ ತೋರಿಸುವ ಸಾಲಿಗೆ ಟಿಕ್ ಹಾಕಿ. ಗಡಿಯಾರದ ಪಕ್ಕ ಬರುವ ಆ ಐಕಾನ್ ಒತ್ತಿದರೆ ದೊಡ್ಡ ಕಾರ್ಡ್ ಬಳಸುತ್ತಿರುವ ಪ್ರೋಗ್ರಾಂಗಳ ಹೆಸರು ಬರುತ್ತದೆ. ನನ್ನಲ್ಲಿ ಸಿಕ್ಕಿದ್ದು ಲೈವ್ ವಾಲ್‌ಪೇಪರ್. ಮಳೆ ಸುರಿಯುವ ಚಿತ್ರ ಬೇರೆ, ಹೊರಗೆ ಸುರಿಯುವುದು ಸಾಲದು ಅಂತ! ಸ್ಕ್ರೀನ್ ರೆಕಾರ್ಡರ್, ಕೀಬೋರ್ಡಿನ ಬಣ್ಣದ ಲೈಟ್ ನಡೆಸುವ ಆ್ಯಪ್, ಗೇಮ್ ಲಾಂಚರ್, ಬ್ರೌಸರ್ ಕೂಡ ಹೀಗೆ ಮಾಡಬಹುದು. ಅವನ್ನು ಮುಚ್ಚಿ ಮೋಡ್ ಬದಲಿಸಿ ನೋಡಿ. ಹ್ಯಾಂಗ್ ಆಗದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಬೇಕೇ ಬೇಕು ಅನ್ನುವ ಆ್ಯಪ್ ಆದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ, ಅದರೊಳಗಿನ ಗ್ರಾಫಿಕ್ಸ್‌ಗೆ ಹೋಗಿ ಅದನ್ನು ಪವರ್ ಸೇವಿಂಗ್‌ಗೆ ಹಾಕಿ. ಆಗ ಅದು ಸಣ್ಣದರಲ್ಲೇ ಓಡುತ್ತದೆ. ಎಚ್‌ಡಿಎಂಐಯಲ್ಲಿ ಮಾನಿಟರ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಬಹಳ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ನೇರ ದೊಡ್ಡ ಕಾರ್ಡಿಗೇ ಜೋಡಿಸಿರುತ್ತದೆ.

ಇನ್ನೊಂದು. ನಿಜವಾಗಿ ಹ್ಯಾಂಗ್ ಆಗಿದೆಯಾ ಅಂತ ನೋಡಿಕೊಳ್ಳಿ. ಕ್ಯಾಪ್ಸ್ ಲಾಕ್ ಒತ್ತಿ. ಲೈಟ್ ಹತ್ತಿ ಆರುತ್ತಿದ್ದರೆ ಯಂತ್ರ ಬದುಕಿದೆ, ಸ್ಕ್ರೀನ್ ಮಾತ್ರ ನಿಂತಿದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಹೊಸದಾಗಿ ಶುರುವಾಗುತ್ತದೆ, ಚಿತ್ರವೂ ಬರಬಹುದು. 2020ರಲ್ಲಿ ಬಂದ ಅಡ್ವಾನ್ಸ್ಡ್ ಆಪ್ಟಿಮಸ್ ಇರುವ ಮಾಡೆಲ್‌ಗಳಲ್ಲಿ ಮೋಡ್ ಬದಲಾಗುವಾಗ ಸ್ಕ್ರೀನ್ ಒಂದೆರಡು ಸೆಕೆಂಡ್ ನಿಲ್ಲುವುದು ಮಾಮೂಲು. ಅಷ್ಟರಲ್ಲೇ ಪವರ್ ಬಟನ್‌ಗೆ ಕೈ ಹಾಕಬೇಡಿ.

ವಿಂಡೋಸಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಕಂಡು ನೀವು ಹೆದರಿದ್ದೀರಿ. ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಬೀಳುವುದು ಅದೇ ನಂಬರ್. ಅದು ಕಾರಣ ಹೇಳುವುದಿಲ್ಲ.

ಆ್ಯಪ್ ಎಲ್ಲ ಮುಚ್ಚಿದರೂ ಹ್ಯಾಂಗ್ ಆದರೆ ಡ್ರೈವರ್ ಮೇಲೆ ಅನುಮಾನ. ವಿಂಡೋಸ್ ಅಪ್‌ಡೇಟ್ ಕೇಳದೆ ಬೇರೆ ಡ್ರೈವರ್ ಹಾಕುವುದುಂಟು. ನಿಮ್ಮ ಮಾಡೆಲಿನ ಪೇಜಿನಿಂದ ಎರಡೂ ಗ್ರಾಫಿಕ್ಸಿನ ಡ್ರೈವರ್ ಮೊದಲೇ ಇಳಿಸಿಟ್ಟುಕೊಳ್ಳಿ. ನೆಟ್ ಆಫ್ ಮಾಡಿ, ವಿಂಡೋಸ್ ಅಗತ್ಯದ್ದನ್ನಷ್ಟೇ ಓಡಿಸುವ ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಟೂಲಿನಿಂದ ಹಳೆಯದನ್ನು ತೆಗೆಯಿರಿ. ಮೊದಲು ಸಣ್ಣದರದ್ದು ಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ದೊಡ್ಡದರದ್ದು. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ.

ಬಯೋಸ್‌ನ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಅದನ್ನೂ ಮಾಡಿ, ಆದರೆ ಬ್ಯಾಟರಿ ಫುಲ್ ಇರಬೇಕು, ಚಾರ್ಜರ್ ಸಿಕ್ಕಿಸಿರಬೇಕು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗುವಾಗ ಖಂಡಿತ ಬೇಡ, ಬೆಳಿಗ್ಗೆ ಮಾಡಿ. ಅದಕ್ಕೂ ಮೊದಲು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಬಯೋಸ್ ಮುಟ್ಟಿದ ಮೇಲೆ ವಿಂಡೋಸ್ ಅದನ್ನು ಕೇಳಬಹುದು. ನಾನು ಬರೆದಿಟ್ಟಿರಲಿಲ್ಲ, ಪಾಸ್‌ವರ್ಡ್ ಸಹ ಮರೆತಿತ್ತು. ಆ ಮಧ್ಯಾಹ್ನದ ಕಥೆ ಬೇಡ.

ಅಂಗಡಿಗೆ ಒಯ್ಯಬೇಕಾದ್ದು ಯಾವಾಗ? ಮೋಡ್ ಮುಟ್ಟದೆ ಸುಮ್ಮನಿದ್ದರೂ ಹ್ಯಾಂಗ್ ಆದರೆ, ಬಯೋಸ್ ಸ್ಕ್ರೀನಿನಲ್ಲೂ ಗೆರೆ, ಚುಕ್ಕಿ ಕಂಡರೆ, ಹೊಸ ಡ್ರೈವರ್ ಹಾಕಿದರೂ ಡಿವೈಸ್ ಮ್ಯಾನೇಜರ್‌ನಲ್ಲಿ ದೊಡ್ಡ ಕಾರ್ಡ್ ಕೋಡ್ 43 (ತೊಂದರೆ ಇದೆ ಅಂತ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂಬ ಸೂಚನೆ) ತೋರಿಸುತ್ತಿದ್ದರೆ. ಅಲ್ಲಿಯವರೆಗೆ ಆಟೋ ತೆಗೆದು ಹೈಬ್ರಿಡ್‌ನಲ್ಲೇ ಬಿಡಿ. ಬ್ಯಾಟರಿ ಸ್ವಲ್ಪ ಬೇಗ ಮುಗಿಯುತ್ತದೆ, ಅಷ್ಟೆ. ನಾನು ಈಗಲೂ ಹಾಗೇ ಇಟ್ಟಿದ್ದೇನೆ. ಸ್ಟೆಬಿಲೈಸರ್ ಅಮ್ಮನ ಫ್ರಿಜ್‌ಗೆ ಹೋಯಿತು.