ಹದಿನೆಂಟೋ ಇಪ್ಪತ್ತೊಂದೋ: ಮದ್ಯದ ವಯಸ್ಸಿನ ಮೇಲೆ ನಿಂತ ಒಂದು ಮನೆಯ ಜಗಳ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗುಬ್ಬಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ತುಮಕೂರಿನಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿರುವ ಹತ್ತೊಂಬತ್ತು ವರ್ಷದ ಮಗನನ್ನು ಆಪ್ತಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ಅವನ ಬ್ಯಾಗಿನಲ್ಲಿ 90 ಮಿ.ಲೀ. ವಿಸ್ಕಿಯ ಎರಡು ಪ್ಯಾಕೆಟ್‌ಗಳು ಸಿಕ್ಕಿದ್ದವು. ಇಪ್ಪತ್ತೊಂದು ತುಂಬದವನು ಕುಡಿಯುವುದು ಅಪರಾಧವೆಂದು ಇವನಿಗೆ ನೀವೇ ಹೇಳಿ ಎಂಬುದು ತಂದೆಯ ಬೇಡಿಕೆ; ಮತ ಹಾಕುವುದಕ್ಕೆ ಸಾಲುವ ವಯಸ್ಸು ಇದಕ್ಕೇಕೆ ಸಾಲದು ಎಂಬುದು ಮಗನ ಪ್ರಶ್ನೆ.

ಇಬ್ಬರ ಮಾತಿಗೂ ಆಧಾರವಿತ್ತು. 1965ರ ಕರ್ನಾಟಕ ಅಬಕಾರಿ ಕಾಯ್ದೆ 18 ತುಂಬದವರಿಗೆ ಮದ್ಯ ಮಾರಬಾರದೆಂದರೆ, ಸನ್ನದುದಾರರಿಗೆ ಅನ್ವಯಿಸುವ 1967ರ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸಲು ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಮಿತಿ 21ರಲ್ಲೇ ಉಳಿಯಬೇಕೆಂಬುದು ನನ್ನ ಸ್ವಂತ ಅಭಿಪ್ರಾಯವಾದರೂ ಅದನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ ನಾನು ತಂದೆಯ ಪರ ಸಾಕ್ಷಿಯಾಗುತ್ತಿದ್ದೆನೇ ಹೊರತು ಆ ಹುಡುಗ ಮತ್ತೆ ಬಾಯಿ ಬಿಡುತ್ತಿರಲಿಲ್ಲ.

ತಂದೆಯನ್ನು ಹೊರಗೆ ಕೂರಿಸಿದ ಮೇಲೆ ಅವನು ಹೇಳಿದ್ದೇ ಬೇರೆ. ಹತ್ತನೇ ತರಗತಿಯಲ್ಲಿದ್ದಾಗ, ಯುಗಾದಿಯ ಮರುದಿನದ ಹೊಸತೊಡಕಿಗೆ ಬಂದ ನೆಂಟರಿಗಾಗಿ ಬಾಟಲಿ ತರಲು ಅವನನ್ನು ಕಳುಹಿಸಿದ್ದು ಅಪ್ಪನೇ. ಅಂಗಡಿಯವನು ವಯಸ್ಸು ಕೇಳದೆ, ಯಾರ ಮಗನೆಂದು ಕೇಳಿ ಕೊಟ್ಟಿದ್ದ. ಈಗ ಶನಿವಾರಗಳಲ್ಲಿ ಗೆಳೆಯರೊಂದಿಗೆ ಕುಡಿಯುತ್ತಾನೆ, ಕೆಲವೊಮ್ಮೆ ಅದೇ ರಾತ್ರಿ ಬೈಕಿನಲ್ಲಿ ಊರಿಗೂ ಹೊರಡುತ್ತಾನೆ, ಎರಡು ಇಂಟರ್ನಲ್ಸ್ ತಪ್ಪಿಸಿಕೊಂಡಿದ್ದಾನೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿಯಲ್ಲಿ, ಸೇವನೆ ಅಪಾಯದತ್ತ ಸಾಗಿದೆಯೆಂದು ಸೂಚಿಸುವ 8 ಅಂಕವನ್ನು ಅವನು ದಾಟಿದ್ದ.

ಹೀಗಾಗಿ ಮೊದಲ ಸಲಹೆ ಬೈಕಿನ ಕುರಿತಾಗಿತ್ತು. ನೂರು ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ ಮೀರಿರುವಾಗ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಡಿ ಅಪರಾಧವಾಗುತ್ತದೆ, ಅಲ್ಲಿ ಯಾವ ವಯಸ್ಸಿಗೂ ರಿಯಾಯಿತಿಯಿಲ್ಲ. ಅಮೆರಿಕದ ರಾಜ್ಯಗಳು ಮಿತಿಯನ್ನು 21ಕ್ಕೆ ಏರಿಸುವಂತೆ 1984ರ ಕಾನೂನು ಒತ್ತಡ ತಂದದ್ದೂ ಮುಖ್ಯವಾಗಿ ಯುವಕರ ರಸ್ತೆ ಸಾವುಗಳ ಕಾರಣಕ್ಕೆ ಎಂದು ತಿಳಿಸಿದಾಗ ಅವನು ವಾದಿಸಲಿಲ್ಲ. ಶನಿವಾರ ಬೈಕಿನ ಕೀಲಿಯನ್ನು ಕುಡಿಯದ ಗೆಳೆಯನ ಬಳಿ ಕೊಡುವುದು, ಊರಿಗೆ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಒಂದು ತಿಂಗಳು ಪೂರ್ತಿ ಬಿಟ್ಟು ನೋಡುವುದು ಎಂದು ಒಪ್ಪಂದವಾಯಿತು.

ತಂದೆಗೆ ಹೇಳಿದ್ದು ಇಷ್ಟೇ: ಬ್ಯಾಗು ತಡಕುವುದನ್ನೂ ಪೊಲೀಸರ ಹೆಸರು ಹೇಳಿ ಹೆದರಿಸುವುದನ್ನೂ ನಿಲ್ಲಿಸಿ, ಮನೆಯ ಬಾಟಲಿಗೆ ಮಕ್ಕಳನ್ನು ಕಳುಹಿಸಬೇಡಿ. ಅವರಿಗೆ ಸಿಟ್ಟು ಬಂತು, ಆದರೂ ಎದ್ದು ಹೋಗಲಿಲ್ಲ.

ತಿಂಗಳ ನಂತರ ಬಂದಾಗ ಹುಡುಗ ಒಂದು ಶನಿವಾರ ಒಪ್ಪಂದ ಮುರಿದಿದ್ದ, ಆದರೆ ಬೈಕ್ ಮುಟ್ಟಿರಲಿಲ್ಲ. ಬೆಳಿಗ್ಗೆ ಕೈ ನಡುಗುವುದು ಅಥವಾ ಕುಡಿಯದೆ ನಿದ್ದೆ ಬಾರದಿರುವುದು ಕಂಡರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕೆಂದೂ, ರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರೊಂದಿಗೆ ಕನ್ನಡದಲ್ಲೇ ಮಾತನಾಡಬಹುದೆಂದೂ ಬರೆದುಕೊಟ್ಟು, ಮುಂದಿನ ಭೇಟಿಯನ್ನು ಪರೀಕ್ಷೆ ಮುಗಿದ ವಾರಕ್ಕೆ ಇಟ್ಟುಕೊಂಡೆವು.