ಹಿಡಿಸೂಡಿಯ ಚಿತ್ರ ನೋಡುವುದು ಹೇಗೆ?

ಪ್ರಶ್ನೆ: ಮಾಸ್ಟ್ರೇ, ಒಂಬತ್ತನೇ ಕ್ಲಾಸಿನ ನನ್ನ ಮಗಳು ಮನೆಯ ಸಾಮಾನುಗಳನ್ನೆಲ್ಲ ಪೆನ್ಸಿಲಿನಲ್ಲಿ ಬಿಡಿಸುತ್ತಾಳೆ. ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ), ಚೆಂಬು, ಅಜ್ಜಿಯ ಎಲೆತಟ್ಟೆ. ಬಂದವರು "ಫೋಟೋದ ಹಾಗೇ ಉಂಟು" ಅಂದರೆ ಅವಳಿಗೆ ಸಿಟ್ಟು. ನನಗೂ ಬೇರೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.
– ಒಬ್ಬ ತಾಯಿ, ನೀರ್ಚಾಲು

ಉತ್ತರ: ಅಕ್ಕಾ, ಅವಳ ಸಿಟ್ಟು ಸರಿಯೇ. ಫೋಟೋ ಬೇಕಿದ್ದರೆ ಮೊಬೈಲ್ ಉಂಟಲ್ವಾ?

ಮೊದಲು ಬೆಳಕು ಯಾವ ಕಡೆಯಿಂದ ಬಂದಿದೆ ಎಂದು ಹುಡುಕಿ. ಚೆಂಬಿನ ಹೊಟ್ಟೆಯ ಮೇಲೆ ಹೊಳೆಯುವ ಬಿಳಿ ಇದೆಯಲ್ಲ, ಅದು ಅವಳು ಬರೆದದ್ದಲ್ಲ, ಬರೆಯದೆ ಬಿಟ್ಟದ್ದು. ಕಾಗದದ್ದೇ ಬಿಳಿ. ಕೈ ತಡೆದು ಅಷ್ಟು ಜಾಗ ಉಳಿಸುವುದು ಸುಲಭವಲ್ಲ. ನೆರಳಿನ ಬದಿಯ ಅಂಚಿನಲ್ಲೂ ತೆಳ್ಳಗೆ ಬೆಳಕು ಕಂಡರೆ, ನೆಲಕ್ಕೆ ಬಿದ್ದ ಬೆಳಕು ಚೆಂಬಿಗೆ ವಾಪಸ್ ತಾಗುವುದನ್ನೂ ಹುಡುಗಿ ನೋಡಿದ್ದಾಳೆ ಎಂದೇ ಲೆಕ್ಕ.

ಇನ್ನು ಹಿಡಿಸೂಡಿ. ನಾನು ಬದಿಯಡ್ಕದ ಹತ್ತಿರ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವ. ಹಿಡಿಸೂಡಿ ಬರೆಯಿರಿ ಅಂದರೆ ಮಕ್ಕಳು ಒಂದೊಂದೇ ಕಡ್ಡಿ ಎಳೆಯುತ್ತಾ ಕೂರುತ್ತಿದ್ದರು. ಅರ್ಧ ಗಂಟೆ ಕಳೆದರೆ ಅದು ಹಿಡಿಸೂಡಿಯಲ್ಲ, ಆಟಿ ತಿಂಗಳ ಜಡಿಮಳೆ! ಕಡ್ಡಿಗಳ ನಡುವಿನ ಕತ್ತಲನ್ನು ತುಂಬಬೇಕು. ಆಗ ಕಡ್ಡಿ ತಾನಾಗಿ ಎದ್ದು ಬರುತ್ತದೆ. ಕಟ್ಟಿದ ಹಗ್ಗದ ಹತ್ತಿರ ಕಪ್ಪು ಜಾಸ್ತಿ, ತುದಿಗೆ ಹೋದಂತೆ ಸಡಿಲ. ತುದಿ ಒಂದು ಬದಿಗೆ ಸವೆದಿದೆಯಾ ನೋಡಿ. ದಿನಾ ಅಂಗಳ ಗುಡಿಸಿದ್ದು ಹಾಗೇ ಸವೆಯುತ್ತದೆ. ಅದು ಬಂದಿದ್ದರೆ ಚಿತ್ರದಲ್ಲಿರುವುದು ನಿಮ್ಮ ಮನೆಯ ಹಿಡಿಸೂಡಿಯೇ, ಅಂಗಡಿಯದ್ದಲ್ಲ.

ಕಪ್ಪು ಬೂದಿಯ ಹಾಗೆ ಮಂಕಾಗಿದ್ದರೆ ತಪ್ಪು ಅವಳದ್ದಲ್ಲ, ಪೆನ್ಸಿಲಿನದ್ದು. ಹಿರಿಯರು ಸೀಸದ ಕಡ್ಡಿ ಅಂದರೂ ಅದರಲ್ಲಿ ಸೀಸ ಇಲ್ಲ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟದ್ದು. ಫ್ರಾನ್ಸಿನ ಕೊಂತೆ ಎಂಬವರು 1795ರಲ್ಲಿ ಈ ಕ್ರಮಕ್ಕೆ ಪೇಟೆಂಟ್ ಪಡೆದರು. ಮಣ್ಣು ಜಾಸ್ತಿಯಾದರೆ ಗಟ್ಟಿ, ತಿಳಿ ಗೆರೆ. ಗ್ರಾಫೈಟ್ ಜಾಸ್ತಿಯಾದರೆ ಮೆತ್ತಗೆ, ಕಪ್ಪು ಗೆರೆ. ಬರೀ ಮಾಮೂಲಿ ಎಚ್‌ಬಿ ಪೆನ್ಸಿಲಿನಲ್ಲಿ ಎಷ್ಟು ಒತ್ತಿದರೂ ಅಷ್ಟೇ. ಅದಕ್ಕಿಂತ ಮೆತ್ತಗಿನ ಒಂದು 2ಬಿ, ಇನ್ನೂ ಮೆತ್ತಗಿನ ಒಂದು 6ಬಿ ತೆಗೆಸಿಕೊಡಿ.

ಹೊಗಳುವ ಮಾತು ಸಿಗದಿದ್ದರೆ ಸುಮ್ನೆ ಕೇಳಿ: "ಎಲ್ಲಿ ಜಾಸ್ತಿ ಹೊತ್ತು ಹಿಡಿಯಿತು?" ಬೆರಳಿಟ್ಟು ತೋರಿಸುತ್ತಾಳೆ. ಆದರೆ ನೀವು ಬೆರಳಿಡಬೇಡಿ, ಗ್ರಾಫೈಟ್ ಒರೆಸಿಹೋಗುತ್ತದೆ. ನಾನೇ ಒಮ್ಮೆ ಕಾಯಿ ತುರಿಯುವ ಹೆರೆಮಣೆಯ ನನ್ನ ಚಿತ್ರವನ್ನು ಪೇಪರಿನಲ್ಲಿ ಸುರುಳಿ ಸುತ್ತಿಟ್ಟು, ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಬರೀ ಹೊಗೆ. ಎರಡು ಚಿತ್ರಗಳ ನಡುವೆ ಬಟರ್ ಪೇಪರ್ ಹಾಕಿ, ಮಟ್ಟಸವಾಗಿ ಇಡಿ.